ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿನ್ನಿಪೆಸಾಕಿ ಸರೋವರಕ್ಕೆ ಆಲ್ಟನ್ ಬೇ ಎಂಬ ಉದ್ದನೆಯ ಚಾಚು ಇದೆ. ಚಳಿಗಾಲ ಬಲಿತ ಮೇಲೆ ಸ್ವಯಂಸೇವಕರು ಅಲ್ಲಿನ ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು ಗಡ್ಡೆಯ ದಪ್ಪ ಅಳೆಯುತ್ತಾರೆ. ಹನ್ನೆರಡು ಇಂಚು ಇದೆಯೆಂದು ಖಾತ್ರಿಯಾದರೆ ಮೇಲಿನ ಹಿಮ ಬಾಚಿ, ಸರೋವರದ ಮೇಲೆಯೇ ಒಂದು ರನ್‌ವೇ ತೆರೆಯುತ್ತಾರೆ. ಅಲಾಸ್ಕಾವನ್ನು ಬಿಟ್ಟರೆ ಆ ದೇಶದ ವಿಮಾನಯಾನ ಆಡಳಿತದ ಮಾನ್ಯತೆ ಪಡೆದ ಮಂಜುಗಡ್ಡೆಯ ರನ್‌ವೇ ಅದೊಂದೇ. ಆಕಾಶ ತಿಳಿಯಾಗಿರುವ ದಿನಗಳಲ್ಲಿ ಎರಡು ಸೀಟಿನ, ನಾಲ್ಕು ಸೀಟಿನ ಪುಟ್ಟ ವಿಮಾನಗಳು ಸುತ್ತಲ ಊರುಗಳಿಂದ ಬಂದು, ಸಾದಾ ರಬ್ಬರ್ ಚಕ್ರಗಳ ಮೇಲೆಯೇ ಅಲ್ಲಿ ಇಳಿಯುತ್ತವೆ. ಬ್ರೇಕನ್ನು ನೆಚ್ಚುವಂತಿಲ್ಲವೆಂಬುದು ಹೊರಡುವ ಮೊದಲೇ ಗೊತ್ತಿರುವುದರಿಂದ ಪೈಲಟ್‌ಗಳು ಆದಷ್ಟು ನಿಧಾನವಾಗಿ ಬಂದು, ರನ್‌ವೇಯ ಮೊದಲ ಭಾಗದಲ್ಲೇ ಚಕ್ರ ಊರಿ, ವಿಮಾನ ತಾನಾಗಿ ವೇಗ ಕಳೆದುಕೊಳ್ಳಲು ಬಿಡುತ್ತಾರೆ.

ಅದೇ ಚಳಿಗಾಲದಲ್ಲಿ, ಅದೇ ಬಗೆಯ ವಿಮಾನಗಳು ಕೆನಡಾ, ಅಮೆರಿಕ, ಉತ್ತರ ಯುರೋಪಿನ ಡಾಂಬರು ರನ್‌ವೇಗಳಲ್ಲಿ ಇಳಿಯುವಾಗ ಜಾರಿ ಪಕ್ಕದ ಹಿಮದ ದಿಬ್ಬಕ್ಕೆ ಗುದ್ದುತ್ತವೆ. ತುದಿ ದಾಟಿ ಬೇಲಿಗೆ ನುಗ್ಗುತ್ತವೆ. ಮೂಗು ನೆಲಕ್ಕೆ ಬಡಿದು ಪ್ರೊಪೆಲರ್ ಡೊಂಕಾಗುತ್ತದೆ. ಪ್ರತಿ ವರ್ಷ ಇದು ತಪ್ಪದೆ ನಡೆಯುತ್ತದೆ. ವೇಗ ಕಡಿಮೆಯಿರುವುದರಿಂದ ಸಾವು ಅಪರೂಪ. ಹಾಗಾಗಿ ದೊಡ್ಡ ಸುದ್ದಿಯಾಗುವುದಿಲ್ಲ, ತನಿಖಾ ವರದಿಯೂ ಒಂದೆರಡು ಪುಟದಲ್ಲಿ ಮುಗಿಯುತ್ತದೆ. ಆದರೆ ಈ ಸಣ್ಣ ಅಪಘಾತಗಳಲ್ಲಿ ಕೆಲಸ ಮಾಡುವ ಭೌತವಿಜ್ಞಾನವೇ ದೊಡ್ಡ ವಿಮಾನಗಳನ್ನೂ ರಸ್ತೆಗೆ ತಂದು ಬಿಸಾಕಿದೆ.

ಇಡೀ ಮಂಜುಗಡ್ಡೆಯ ಮೇಲೆ ನಿಭಾಯಿಸಬಲ್ಲ ಪೈಲಟ್, ಡಾಂಬರಿನ ಮೇಲೆ ಕಟ್ಟಿದ ಒಂದು ಮಿಲಿಮೀಟರ್ ಪದರದಲ್ಲಿ ಯಾಕೆ ಸೋಲಬೇಕು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಅಪಘಾತಗಳು ನೆಲದ ಮೇಲೆ ಕಾಣಿಸಿಕೊಂಡರೂ ತೀರ್ಮಾನವಾಗುವುದು ಆಕಾಶದಲ್ಲಿರುವಾಗಲೇ. ಕೆಳಗಿನ ರನ್‌ವೇ ಎಷ್ಟು ಜಾರುತ್ತದೆಂಬುದು ಮೇಲಿರುವವರಿಗೆ ಸರಿಯಾಗಿ ತಿಳಿಯದಿದ್ದಾಗ, ಚಕ್ರ ಊರುವ ಮೊದಲೇ ಅರ್ಧ ಅಪಘಾತ ಆಗಿಹೋಗಿರುತ್ತದೆ.

ಎಷ್ಟು ಜಾರುತ್ತದೆ ಎಂಬುದೇ ಸರಳ ಪ್ರಶ್ನೆಯಲ್ಲ. ಮಂಜುಗಡ್ಡೆ ಯಾಕೆ ಜಾರುತ್ತದೆ ಎಂದು ವಿಜ್ಞಾನಿಗಳು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ವಾದಿಸಿದ್ದಾರೆ. ಒತ್ತಡ ಹೆಚ್ಚಿದರೆ ಮಂಜುಗಡ್ಡೆ ಕರಗುವ ತಾಪಮಾನ ಇಳಿಯುತ್ತದೆ ಎಂದು ಜೇಮ್ಸ್ ಥಾಮ್ಸನ್ 1849ರಲ್ಲಿ ಲೆಕ್ಕ ಹಾಕಿ ತೋರಿಸಿದ. 1886ರಲ್ಲಿ ಐರ್ಲೆಂಡಿನ ಜಾನ್ ಜೋಲಿ ಅದನ್ನೇ ಹಿಡಿದು, ಸ್ಕೇಟಿನ ಅಲಗು ಒತ್ತಿದ ಜಾಗದಲ್ಲಿ ಗಡ್ಡೆ ಕರಗಿ ನೀರಾಗುವುದರಿಂದ ಜನ ಜಾರುತ್ತಾರೆ ಎಂದ. ಕೇಳಲು ಸೊಗಸಾಗಿದೆ, ಇಂದಿಗೂ ಶಾಲಾ ಪಾಠಗಳಲ್ಲಿ ಕಾಣಸಿಗುತ್ತದೆ. ಆದರೆ ಕರಗುವ ತಾಪಮಾನವನ್ನು ಒಂದೇ ಒಂದು ಡಿಗ್ರಿ ಇಳಿಸಲು ನೂರಮೂವತ್ತಕ್ಕೂ ಹೆಚ್ಚು ವಾಯುಭಾರದ ಒತ್ತಡ ಬೇಕು. ಸಣ್ಣ ವಿಮಾನದ ಚಕ್ರದಲ್ಲಿರುವುದು ಸುಮಾರು ಎರಡು ವಾಯುಭಾರದಷ್ಟು ಗಾಳಿ. ಚಕ್ರ ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ ಒತ್ತಡದಲ್ಲಿ. ಅದರಿಂದ ಕರಗುವ ಬಿಂದು ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಭಾಗ ಇಳಿದೀತು, ಅಷ್ಟೇ. ರನ್‌ವೇಯ ಮಟ್ಟಿಗೆ ಜೋಲಿಯ ವಿವರಣೆ ನಿಲ್ಲುವುದಿಲ್ಲ.

ಇನ್ನೊಂದು ದಾರಿಯನ್ನು ಮೈಕೆಲ್ ಫ್ಯಾರಡೆ 1850ರಲ್ಲೇ ತೋರಿಸಿದ್ದ. ಎರಡು ಮಂಜುಗಡ್ಡೆಯ ತುಂಡುಗಳನ್ನು ಮುಟ್ಟಿಸಿದರೆ ಅವು ಅಂಟಿಕೊಂಡು ಒಂದಾಗುತ್ತವೆ. ಅಂದರೆ ಅವುಗಳ ಮೈಮೇಲೆ ಮೊದಲೇ ನೀರಿನಂಥ ತೆಳುಪದರವೊಂದು ಇದ್ದಿರಬೇಕು ಎಂಬುದು ಅವನ ಊಹೆ. ಆಗ ಹೆಚ್ಚು ಜನ ಒಪ್ಪಲಿಲ್ಲ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್‌ನ ಹಿಮಗುಹೆಯಲ್ಲಿ ಪ್ರಯೋಗ ನಡೆಸಿ, ಉಜ್ಜುವಿಕೆಯಿಂದ ಹುಟ್ಟುವ ಶಾಖವೂ ನೀರು ಮಾಡುತ್ತದೆ ಎಂದು ತೋರಿಸಿದರು. ಫ್ಯಾರಡೆಯ ಊಹೆಗೂ ಕಾಲ ಬಂತು. ಮಂಜುಗಡ್ಡೆಯ ಹೊರಮೈಯ ಅಣುಗಳಿಗೆ ಮೇಲ್ಗಡೆ ಹಿಡಿದುಕೊಳ್ಳಲು ನೆರೆಯವರಿಲ್ಲ; ಹಾಗಾಗಿ ಅವು ಸಡಿಲವಾಗಿದ್ದು ಸುಲಭವಾಗಿ ಹೊರಳಾಡುತ್ತವೆ ಎಂಬುದು ಈಗಿನ ತಿಳಿವಳಿಕೆ. ಆಮ್‌ಸ್ಟರ್‌ಡ್ಯಾಮ್ ಮತ್ತು ಮೈನ್ಜ್‌ನ ಸಂಶೋಧಕರು 2018ರಲ್ಲಿ ಉಕ್ಕಿನ ಗುಂಡನ್ನು ಮಂಜುಗಡ್ಡೆಯ ಮೇಲೆ ಎಳೆದು ಅಳೆದಾಗ, ಮೈನಸ್ 100 ಡಿಗ್ರಿಯಲ್ಲಿ ಅದು ಬಹಳ ತೊಡಕಿನಿಂದ ಸರಿಯಿತು. ಅತಿ ಸುಲಭವಾಗಿ ಜಾರಿದ್ದು ಮೈನಸ್ 7ರ ಸುಮಾರಿಗೆ. ಅದಕ್ಕಿಂತ ಬೆಚ್ಚಗಾದಂತೆ ಗಡ್ಡೆಯೇ ಮೆತ್ತಗಾಗಿ ಗುಂಡು ಅದನ್ನು ಉಳುತ್ತಾ ಸಾಗತೊಡಗಿತು.

ವಿಮಾನದ ಚಕ್ರ ಉಕ್ಕಿನದಲ್ಲ, ರಬ್ಬರಿನದು. ಮೆದು ರಬ್ಬರ್ ಮಂಜುಗಡ್ಡೆಯನ್ನು ಉಳುವುದಿಲ್ಲ. ಅದರ ಹಿಡಿತ ತಾಪಮಾನ ಏರಿದಂತೆಲ್ಲ ಕುಸಿಯುತ್ತಾ ಹೋಗಿ ಸೊನ್ನೆ ಡಿಗ್ರಿಯ ಹತ್ತಿರ ತಳ ಮುಟ್ಟುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಪಾಚಿಗಟ್ಟಿದ ಅಂಗಳ ದಾಟಿದವರಿಗೆ ಇದರ ಅಂದಾಜು ಸಿಗುತ್ತದೆ: ಒಣಗಿದ ಪಾಚಿ ಕಾಲನ್ನು ಹಿಡಿಯುತ್ತದೆ, ಒಂದು ಮಳೆ ಬಿದ್ದರೆ ಅದೇ ಪಾಚಿ ಕೆಡವುತ್ತದೆ. ಹಾಗೆಯೇ ಒಣ ಚಳಿಯ ಮಂಜುಗಡ್ಡೆ ಚಕ್ರಕ್ಕೆ ಒಂದಿಷ್ಟು ಹಿಡಿತ ಕೊಡುತ್ತದೆ. ಮೇಲೆ ನೀರಿನ ಪದರವಿರುವ ಮಂಜುಗಡ್ಡೆ ಏನನ್ನೂ ಕೊಡುವುದಿಲ್ಲ.

ಅಂಟಾರ್ಕ್ಟಿಕದಲ್ಲಿ ಭಾರೀ ವಿಮಾನಗಳು ಗಾಲಿಗಳ ಮೇಲೆಯೇ ಇಳಿಯಲು ಸಾಧ್ಯವಾಗಿರುವುದು ಈ ಕಾರಣದಿಂದ. ನಮ್ಮ ಮೈತ್ರಿ ನೆಲೆಗೆ ಹೋಗುವ ಭಾರತೀಯ ವಿಜ್ಞಾನಿಗಳಲ್ಲಿ ಅನೇಕರು ಕೇಪ್‌ಟೌನಿನಿಂದ ಇಲ್ಯೂಷಿನ್-76 ವಿಮಾನದಲ್ಲಿ ಹೊರಟು ನೋವೋ ನೆಲೆಯ ನೀಲಿ ಮಂಜುಗಡ್ಡೆಯ ಮೇಲೆ ಇಳಿದವರು. ಆಸ್ಟ್ರೇಲಿಯಾ 2008ರಲ್ಲಿ ತನ್ನ ಕೇಸಿ ನೆಲೆಯ ಬಳಿ ತೆರೆದ ವಿಲ್ಕಿನ್ಸ್ ರನ್‌ವೇಯದೂ ಹಿಮನದಿಯ ಗಡ್ಡೆಯೇ. ಅಲ್ಲಿ ತೊಂದರೆ ಬರುವುದು ನಡುಬೇಸಿಗೆಯಲ್ಲಿ. ಬಿಸಿಲು ಏರಿ ಗಡ್ಡೆಯ ಒಳಗೇ ಕರಗುವಿಕೆ ಶುರುವಾದರೆ ರನ್‌ವೇ ಕೆಲವು ವಾರ ಮುಚ್ಚಬೇಕಾಗುತ್ತದೆ. ಭೂಮಿಯ ಅತ್ಯಂತ ಶೀತಲ ಖಂಡದಲ್ಲೂ ಪೈಲಟ್‌ಗಳು ಅಂಜುವುದು ಬೆಚ್ಚನೆಯ ದಿನಗಳಿಗೆ.

ಈಗ ಒಂದು ಲೆಕ್ಕ ಮಾಡೋಣ. ಉದಾಹರಣೆಗೆ ಸೆಸ್ನಾ 172 ಇರಲಿ. 1955ರಲ್ಲಿ ಮೊದಲು ಹಾರಿದ ಈ ನಾಲ್ಕು ಸೀಟಿನ ವಿಮಾನ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ. ಇಷ್ಟು ಸಂಖ್ಯೆಯಲ್ಲಿ ತಯಾರಾದ ಇನ್ನೊಂದು ವಿಮಾನವಿಲ್ಲ. ಬೆಂಗಳೂರಿನ ಜಕ್ಕೂರಿನ ತರಬೇತಿ ಶಾಲೆಯಲ್ಲಿ ಹಾರಾಟ ಕಲಿಯುವವರಿಗೂ ಇದು ಪರಿಚಿತ. ಇದರ ಒಂದು ಮಾದರಿಯ ಕೈಪಿಡಿ ಹೇಳುವಂತೆ, ಸಮುದ್ರಮಟ್ಟದಲ್ಲಿ, ಗಾಳಿಯಿಲ್ಲದಾಗ, ಒಣಗಿದ ಸಮತಟ್ಟು ರನ್‌ವೇಯಲ್ಲಿ ಚಕ್ರ ಮುಟ್ಟಿದ ಮೇಲೆ ಪೂರ್ತಿ ಬ್ರೇಕ್ ಹಾಕಿದರೆ ಅದು 575 ಅಡಿಯೊಳಗೆ, ಅಂದರೆ ಸುಮಾರು 175 ಮೀಟರಿನಲ್ಲಿ ನಿಲ್ಲುತ್ತದೆ. ಒಣ ಕಾಂಕ್ರೀಟಿನ ಮೇಲೆ ರಬ್ಬರಿನ ಘರ್ಷಣಾಂಕ 0.7ರ ಸುಮಾರು. ಒದ್ದೆ ಮಂಜುಗಡ್ಡೆಯ ಮೇಲೆ ಅದು 0.05ಕ್ಕೆ ಇಳಿಯುತ್ತದೆ. 50 ನಾಟ್, ಅಂದರೆ ಗಂಟೆಗೆ ಸುಮಾರು 93 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಮಾನವನ್ನು ಆ ಘರ್ಷಣೆಯೊಂದೇ ನಿಲ್ಲಿಸಬೇಕಾದರೆ 670 ಮೀಟರ್ ಬೇಕು. ಗಾಳಿಯ ತಡೆ ಇದರಲ್ಲಿ ಒಂದಿಷ್ಟು ಕಡಿತ ಮಾಡುತ್ತದೆ. ಸುಮ್ಮನೆ ತಿರುಗುತ್ತಿರುವ ಪ್ರೊಪೆಲರ್ ಮುಂದಕ್ಕೆ ಎಳೆಯುತ್ತಲೇ ಇದ್ದು ಅದನ್ನು ಮತ್ತೆ ಕೂಡಿಸುತ್ತದೆ. ಸಣ್ಣ ಊರುಗಳ ಎಷ್ಟೋ ರನ್‌ವೇಗಳ ಒಟ್ಟು ಉದ್ದವೇ 700ರಿಂದ 900 ಮೀಟರ್.

ಈ ಲೆಕ್ಕದಲ್ಲಿ ವಿಮಾನದ ತೂಕ ಬರುವುದೇ ಇಲ್ಲ. ಭಾರ ಹೆಚ್ಚಿದಂತೆ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ತೂಕ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಹಗುರ ವಿಮಾನ ಬೇಗ ನಿಂತೀತು ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ದೂರ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ನಿಗದಿಗಿಂತ ಶೇಕಡಾ 10ರಷ್ಟು ಹೆಚ್ಚು ವೇಗದಲ್ಲಿ ಇಳಿದರೆ ನಿಲ್ಲುವ ದೂರ ಶೇಕಡಾ 21ರಷ್ಟು ಬೆಳೆಯುತ್ತದೆ. 10 ನಾಟ್ ಹಿಂಗಾಳಿ ಇದ್ದು ನೆಲದ ಮೇಲಿನ ವೇಗ 50ರ ಬದಲು 60 ಆಯಿತೆಂದರೆ ಶೇಕಡಾ 44. ಒಣ ರನ್‌ವೇಯಲ್ಲಿ ಆ ಹೆಚ್ಚುವರಿ ದೂರ ಗಮನಕ್ಕೇ ಬಾರದಷ್ಟು ಸಣ್ಣದು. 670ರ ಮೇಲೆ ಅದೇ ಶೇಕಡಾ 44 ಕೂಡಿದರೆ ರನ್‌ವೇಯೇ ಮುಗಿದುಹೋಗುತ್ತದೆ.

ಇನ್ನು ಎಲ್ಲಿ ಚಕ್ರ ಊರುತ್ತದೆ ಎಂಬ ಪ್ರಶ್ನೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ಅಪಘಾತದಲ್ಲಿ ಹಿಮವೂ ಇರಲಿಲ್ಲ, ಮಂಜುಗಡ್ಡೆಯೂ ಇರಲಿಲ್ಲ. 8,000 ಅಡಿ ಉದ್ದದ ರನ್‌ವೇಯಲ್ಲಿ ವಿಮಾನ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತ್ತು. ದಾಟಿಹೋದ ರನ್‌ವೇ ಯಾವ ಪೈಲಟ್‌ಗೂ ಉಪಯೋಗಕ್ಕೆ ಬಾರದು ಎಂಬ ಸತ್ಯವನ್ನು ನಾವು ಕನ್ನಡನಾಡಿನಲ್ಲಿ ದುಬಾರಿ ಬೆಲೆ ತೆತ್ತು ತಿಳಿದಿದ್ದೇವೆ. ಮಂಜುಗಡ್ಡೆ ಆ ಬೆಲೆಯನ್ನು ಇನ್ನಷ್ಟು ಏರಿಸುತ್ತದೆ.

ನಿಲ್ಲುವುದು ಒಂದು ಕಷ್ಟ. ನೇರವಾಗಿ ಸಾಗುವುದು ಅದಕ್ಕಿಂತ ದೊಡ್ಡ ಕಷ್ಟ, ಮತ್ತು ಸಣ್ಣ ವಿಮಾನಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಅಡ್ಡಗಾಳಿ ಬೀಸುತ್ತಿರುವಾಗ ವಿಮಾನವನ್ನು ರನ್‌ವೇಯ ನಡುಗೆರೆಯ ಮೇಲೆ ಹಿಡಿದಿಡುವುದು ಚಕ್ರಗಳ ಪಕ್ಕದ ಹಿಡಿತ. ಮೇಲೆತ್ತರಕ್ಕೆ ನಿಂತ ಬಾಲದ ರೆಕ್ಕೆ ಗಾಳಿಗೆ ಸಿಕ್ಕಿ ಹಿಂಭಾಗವನ್ನು ತಳ್ಳುತ್ತದೆ, ಮೂಗು ಗಾಳಿಯತ್ತ ತಿರುಗುತ್ತದೆ. ವೇಗವಿದ್ದಾಗ ಬಾಲದ ಚುಕ್ಕಾಣಿ, ಅಂದರೆ ರಡ್ಡರ್, ಇದನ್ನು ತಡೆಯುತ್ತದೆ. ವೇಗ ಇಳಿದಂತೆ ರಡ್ಡರಿನ ಬಲ ಇಳಿಯುತ್ತದೆ, ಆ ಹೊಣೆಯನ್ನು ಚಕ್ರಗಳು ಹೊತ್ತುಕೊಳ್ಳಬೇಕು. ಒಣ ನೆಲದಲ್ಲಿ ಈ ಕೈಬದಲಾವಣೆ ಗೊತ್ತೇ ಆಗುವುದಿಲ್ಲ. ಮಂಜುಗಡ್ಡೆಯ ಮೇಲೆ ರಡ್ಡರ್ ಬಿಟ್ಟ ಕೆಲಸವನ್ನು ಹಿಡಿಯಲು ಯಾರೂ ಇರುವುದಿಲ್ಲ. ಗಂಟೆಗೆ ಐವತ್ತು, ಅರವತ್ತು ಕಿಲೋಮೀಟರ್ ವೇಗದಲ್ಲಿ, ಇನ್ನೇನು ಇಳಿದಾಯಿತು ಎಂದು ಪೈಲಟ್ ನಿಟ್ಟುಸಿರು ಬಿಡುವ ಹೊತ್ತಿಗೆ ವಿಮಾನ ಮೂಗನ್ನು ಒಂದು ಕಡೆ ತಿರುಗಿಸಿಕೊಂಡು ಇನ್ನೊಂದು ಕಡೆ ಸರಿಯತೊಡಗುತ್ತದೆ.

ಆಗ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಅದೇ ಅನಾಹುತ. ಚಕ್ರಕ್ಕೆ ನೆಲದಿಂದ ಸಿಗುವ ಒಟ್ಟು ಹಿಡಿತ ಒಂದೇ. ಅದರಲ್ಲಿ ಬ್ರೇಕಿಗೆ ಎಷ್ಟು ಖರ್ಚಾಯಿತೋ ಅಷ್ಟು ಪಕ್ಕದ ಹಿಡಿತಕ್ಕೆ ಉಳಿಯುವುದಿಲ್ಲ. ಚಕ್ರ ಉರುಳುವುದು ನಿಂತು ಪೂರ್ತಿ ಬಿಗಿಯಿತೆಂದರೆ ದಿಕ್ಕು ತಪ್ಪದಂತೆ ಹಿಡಿಯಲು ಏನೂ ಉಳಿಯದು. ದೊಡ್ಡ ವಿಮಾನಗಳಲ್ಲಿ ಚಕ್ರ ಬಿಗಿಯದಂತೆ ನೋಡಿಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ ಇದೆ, ಎಂಜಿನ್ನಿನ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನವಿದೆ, ರೆಕ್ಕೆಯ ಎತ್ತುಬಲವನ್ನು ಮುರಿದು ಭಾರವನ್ನು ಚಕ್ರಕ್ಕೆ ದಾಟಿಸುವ ಹಲಗೆಗಳಿವೆ. ಸೆಸ್ನಾ 172ರಲ್ಲಿ ಈ ಮೂರೂ ಇಲ್ಲ. ಪೈಲಟ್‌ನ ಎರಡು ಪಾದದ ತುದಿಗಳು ಎರಡು ಚಕ್ರಗಳ ಬ್ರೇಕುಗಳನ್ನು ಅಂದಾಜಿನ ಮೇಲೆ ಒತ್ತಬೇಕು. ಕೆಲವೆಡೆ ಬರಿ ಡಾಂಬರು, ಕೆಲವೆಡೆ ಗಡ್ಡೆ ಇರುವ ರನ್‌ವೇ ಎಲ್ಲಕ್ಕಿಂತ ಕೆಟ್ಟದ್ದು. ಅಡ್ಡಡ್ಡ ಜಾರುತ್ತಿರುವ ಚಕ್ರ ಒಮ್ಮೆಲೇ ಒಣ ಡಾಂಬರಿಗೆ ಸಿಕ್ಕರೆ ಹಿಡಿತ ಒಂದೇಟಿಗೆ ವಾಪಸು ಬರುತ್ತದೆ. ಆ ಕುಲುಕಿಗೆ ಗಾಲಿಯ ಕಾಲು ಮುರಿಯುತ್ತದೆ ಅಥವಾ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಅನುಭವಿ ಶಿಕ್ಷಕರು ಇಂಥ ದಿನಗಳಲ್ಲಿ ಬ್ರೇಕನ್ನು ಮರೆತು, ಕಂಟ್ರೋಲನ್ನು ಹಿಂದಕ್ಕೆಳೆದು ಮೂಗು ಎತ್ತಿಹಿಡಿದು, ಗಾಳಿಯ ತಡೆಯಿಂದಲೇ ಆದಷ್ಟು ವೇಗ ಕಳೆಯಲು ಹೇಳುವುದು ಇದಕ್ಕಾಗಿ.

ಚಳಿ ವಿಮಾನದ ಒಳಗೂ ಕೆಲಸ ಮಾಡಿರುತ್ತದೆ. ಹೊರಡುವ ಊರಿನ ರನ್‌ವೇಯಲ್ಲಿ ಕರಗಿದ ಹಿಮದ ರಾಡಿ ಇದ್ದರೆ ಅದು ಬ್ರೇಕಿನ ತಟ್ಟೆಗಳ ಮೇಲೆ ಎರಚುತ್ತದೆ. ಮೇಲೆ ಮೈನಸ್ 15ರ ಗಾಳಿಯಲ್ಲಿ ಒಂದು ಗಂಟೆ ಹಾರುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಚಕ್ರ ಬಿಗಿದುಕೊಳ್ಳಬಹುದು. ಗಾಳಿಯ ತಡೆ ತಗ್ಗಿಸಲು ಚಕ್ರಗಳಿಗೆ ತೊಡಿಸುವ ಕವಚದೊಳಗೆ ರಾಡಿ ತುಂಬಿಕೊಂಡು ಗಟ್ಟಿಯಾಗುವುದೂ ಉಂಟು. ಶೀತಪ್ರದೇಶದವರು ಚಳಿಗಾಲ ಬರುತ್ತಲೇ ಆ ಕವಚಗಳನ್ನು ಬಿಚ್ಚಿಡುತ್ತಾರೆ. ಎರಡು ಚಕ್ರಗಳಲ್ಲಿ ಒಂದು ಮಾತ್ರ ಬಿಗಿದಿದ್ದರೆ, ಇಳಿದ ಕ್ಷಣದಲ್ಲೇ ವಿಮಾನ ಒಂದು ಪಕ್ಕಕ್ಕೆ ತಿರುಗುತ್ತದೆ. ಪೈಲಟ್‌ಗೆ ಅದರ ಮುನ್ಸೂಚನೆ ಸಿಗುವುದಿಲ್ಲ.

ಕಣ್ಣೂ ಮೋಸ ಹೋಗುತ್ತದೆ. ಹೊಸ ಹಿಮ ಬಿದ್ದು, ಮೇಲೆ ಮೋಡ ಮುಸುಕಿದಾಗ ನೆಲಕ್ಕೂ ಆಕಾಶಕ್ಕೂ ನಡುವೆ ಗೆರೆ ಉಳಿಯುವುದಿಲ್ಲ. ನೆರಳಿಲ್ಲ, ಹುಲ್ಲಿಲ್ಲ, ಡಾಂಬರಿನ ಕಪ್ಪಿಲ್ಲ. ನೆಲ ಎಷ್ಟು ಕೆಳಗಿದೆ ಎಂದು ಅಂದಾಜಿಸಲು ಮನುಷ್ಯನ ಕಣ್ಣಿಗೆ ಬೇಕಾದ ಸುಳಿವುಗಳೆಲ್ಲ ಅಳಿಸಿಹೋಗಿರುತ್ತವೆ. ನೆಲದಿಂದ ಹತ್ತಡಿ ಮೇಲೆಯೇ ಇಳಿದೆನೆಂದುಕೊಂಡು ಮೂಗೆತ್ತುವವರಿದ್ದಾರೆ, ನೆಲ ಬಂದದ್ದು ತಿಳಿಯದೆ ನೇರ ಅದಕ್ಕೇ ಹಾರಿದವರೂ ಇದ್ದಾರೆ. ಗುಡಿಸಿದ ಹಿಮವನ್ನು ರನ್‌ವೇಯ ಅಂಚಿನಲ್ಲಿ ರಾಶಿ ಹಾಕಿರುತ್ತಾರೆ. ರೆಕ್ಕೆ ಕೆಳಗಿರುವ ಪೈಪರ್ ಥರದ ವಿಮಾನ ಸ್ವಲ್ಪ ಪಕ್ಕಕ್ಕೆ ಸರಿದರೂ ರೆಕ್ಕೆ ಆ ದಿಬ್ಬಕ್ಕೆ ಸಿಕ್ಕಿ ವಿಮಾನವೇ ಗಿರಕಿ ಹೊಡೆಯುತ್ತದೆ.

ಇಷ್ಟು ಹೊತ್ತು ಗಟ್ಟಿ ಮಂಜುಗಡ್ಡೆಯ ಮಾತಾಯಿತು. ಅರ್ಧ ಕರಗಿದ ರಾಡಿಯ ಕತೆ ಬೇರೆ. ಅದನ್ನು ಲೋಕ ಅರ್ಥ ಮಾಡಿಕೊಂಡದ್ದು ತಡವಾಗಿ, ಒಬ್ಬ ಪೈಲಟ್‌ನ ಬದುಕನ್ನು ಬಲಿಗೊಟ್ಟು. 1958ರ ಫೆಬ್ರವರಿ 6ರಂದು ಜರ್ಮನಿಯ ಮ್ಯೂನಿಕ್ ವಿಮಾನ ನಿಲ್ದಾಣದಿಂದ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡವನ್ನು ಹೊತ್ತ ವಿಮಾನ ಮೂರನೆಯ ಬಾರಿ ಮೇಲೇರಲು ಯತ್ನಿಸಿತು. ವೇಗ 117 ನಾಟ್‌ವರೆಗೆ ಏರಿ, ಆಮೇಲೆ ಏರುವ ಬದಲು 105ಕ್ಕೆ ಕುಸಿಯಿತು. ವಿಮಾನ ರನ್‌ವೇ ದಾಟಿ ಬೇಲಿ ಮುರಿದು ಮನೆಯೊಂದಕ್ಕೆ ಅಪ್ಪಳಿಸಿತು. 23 ಜನ ಸತ್ತರು. ರೆಕ್ಕೆಯ ಮೇಲಿನ ಮಂಜುಗಡ್ಡೆ ತೆಗೆಸದೇ ಹೊರಟದ್ದೇ ಕಾರಣವೆಂದು ಜರ್ಮನ್ ತನಿಖೆ ಕ್ಯಾಪ್ಟನ್ ಜೇಮ್ಸ್ ಥೇನ್ ಮೇಲೆ ಹೊಣೆ ಹೊರಿಸಿತು. ಆತ ಕೆಲಸ ಕಳೆದುಕೊಂಡ. ಹತ್ತು ವರ್ಷ ಹೋರಾಡಿದ. ರನ್‌ವೇಯ ಕೊನೆಯ ಭಾಗದಲ್ಲಿದ್ದ ರಾಡಿ ಚಕ್ರಗಳನ್ನು ಹಿಡಿದೆಳೆದು ವೇಗ ಕುಸಿಯುವಂತೆ ಮಾಡಿತೆಂದು 1969ರಲ್ಲಿ ಬ್ರಿಟಿಷ್ ಆಯೋಗ ಒಪ್ಪಿ ಆತನನ್ನು ದೋಷಮುಕ್ತಗೊಳಿಸಿತು. 1975ರಲ್ಲಿ ಆತ ತೀರಿಕೊಂಡ. ಅಂದು ಆ ವಿಮಾನದಲ್ಲಿದ್ದ ಯಾರಿಗೂ ಕೆಲವೇ ಸೆಂಟಿಮೀಟರ್ ರಾಡಿ ಅಷ್ಟು ದೊಡ್ಡ ವಿಮಾನವನ್ನು ಹಿಡಿದೆಳೆಯಬಲ್ಲದೆಂದು ತಿಳಿದಿರಲಿಲ್ಲ. ಗೊತ್ತಿಲ್ಲದ ವಿಜ್ಞಾನದ ಭಾರವನ್ನು ಒಬ್ಬ ಮನುಷ್ಯನ ಹೆಗಲ ಮೇಲೆ ಹೊರಿಸಿದ್ದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

ಅದು ಮೇಲೇರುವಾಗಿನ ಅಪಘಾತ. ಇಳಿಯುವಾಗ ರಾಡಿ ವೇಗ ತಗ್ಗಿಸಿ ಉಪಕಾರ ಮಾಡಬೇಕಲ್ಲವೇ? ಒಂದು ಮಟ್ಟಿಗೆ ಮಾಡುತ್ತದೆ. ಆದರೆ ಒಂದು ವೇಗದ ಮೇಲೆ ಚಕ್ರ ತನ್ನ ಮುಂದಿನ ನೀರನ್ನೋ ರಾಡಿಯನ್ನೋ ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೇರಿ ತೇಲತೊಡಗುತ್ತದೆ. ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹೋರ್ನ್ ಮತ್ತು ಸಂಗಡಿಗರು ಅರವತ್ತರ ದಶಕದಲ್ಲಿ ಇದನ್ನು ಅಳೆದು ಒಂದು ಸರಳ ಸೂತ್ರ ಕೊಟ್ಟರು: ಚಕ್ರದ ಗಾಳಿಯ ಒತ್ತಡವನ್ನು ಚದರ ಇಂಚಿಗೆ ಇಷ್ಟು ಪೌಂಡ್ ಎಂದು ತೆಗೆದುಕೊಂಡು, ಅದರ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ ತೇಲುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 200 ಪೌಂಡ್ ಒತ್ತಡದ ಜೆಟ್ ವಿಮಾನದ ಚಕ್ರ 127 ನಾಟ್‌ನಲ್ಲಿ ತೇಲುತ್ತದೆ. ಸೆಸ್ನಾ 172ರ ಚಕ್ರದ ಒತ್ತಡ 29 ಪೌಂಡಿನ ಆಸುಪಾಸು. ಅದು ತೇಲುವುದು 48 ನಾಟ್‌ನಲ್ಲಿ. ಆ ವಿಮಾನ ನೆಲ ಮುಟ್ಟುವುದೂ ಸರಿಸುಮಾರು ಅದೇ ವೇಗದಲ್ಲಿ. ಸಣ್ಣ ವಿಮಾನ ನಿಧಾನವಾಗಿ ಇಳಿಯುತ್ತದಾದರೂ ಅದರ ಚಕ್ರ ಅಷ್ಟೇ ಮೆತ್ತಗಿರುವುದರಿಂದ ನಿಧಾನದ ಲಾಭ ಅದಕ್ಕೆ ದಕ್ಕುವುದಿಲ್ಲ.

ಹಾಗಾದರೆ ಪೈಲಟ್‌ಗೆ ರನ್‌ವೇಯ ಸ್ಥಿತಿಯನ್ನು ಯಾರು ಹೇಳಬೇಕು, ಹೇಗೆ ಹೇಳಬೇಕು? ದಶಕಗಳ ಕಾಲ ಉತ್ತರ ಒಂದೇ ಇತ್ತು: ಗಾಡಿ ಓಡಿಸಿ ಅಳೆಯುವುದು. ಕೆನಡಾದಲ್ಲಿ ಪಿಕಪ್ ಗಾಡಿಯೊಂದನ್ನು ರನ್‌ವೇ ಮೇಲೆ ಓಡಿಸಿ ಗಕ್ಕನೆ ಬ್ರೇಕ್ ಹಾಕುತ್ತಾರೆ. ಒಳಗಿನ ಉಪಕರಣ ವೇಗ ಎಷ್ಟು ಬೇಗ ಕುಸಿಯಿತೆಂದು ನೋಡಿ ಒಂದು ಅಂಕಿ ಕೊಡುತ್ತದೆ. ಬೇರೆ ದೇಶಗಳಲ್ಲಿ ಹಿಂದೆ ಪುಟ್ಟ ಗಾಲಿಯೊಂದನ್ನು ಎಳೆದೊಯ್ಯುವ ಯಂತ್ರಗಳಿವೆ. ತೊಂದರೆಯೆಂದರೆ, ಒಂದೇ ರನ್‌ವೇಯ ಮೇಲೆ ಎರಡು ಯಂತ್ರಗಳು ಎರಡು ಅಂಕಿ ಕೊಡುತ್ತವೆ. ಗಾಡಿಗೆ ಸಿಕ್ಕ ಹಿಡಿತ ವಿಮಾನಕ್ಕೆ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಇದನ್ನು ಬಗೆಹರಿಸಲು ಕೆನಡಾ ಸರ್ಕಾರ ಮತ್ತು ನಾಸಾ 1996ರಿಂದ ಒಂಟಾರಿಯೋದ ನಾರ್ತ್ ಬೇಯಲ್ಲಿ ಫಾಲ್ಕನ್ 20 ಎಂಬ ಪುಟ್ಟ ಜೆಟ್ ವಿಮಾನವನ್ನು ಹಿಮ, ರಾಡಿ, ಮಂಜುಗಡ್ಡೆಗಳ ಮೇಲೆ ಮತ್ತೆ ಮತ್ತೆ ಓಡಿಸಿ, ಗಾಡಿಗಳ ಅಂಕಿಯ ಜೊತೆ ಹೋಲಿಸಿದವು.

ಈ ವಿಷಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ಕಾಣುವುದು ನಾರ್ವೆಯ ಅಪಘಾತ ತನಿಖಾ ಮಂಡಳಿ 2011ರಲ್ಲಿ ಹೊರತಂದ ವರದಿ. ಹತ್ತು ವರ್ಷಗಳ ಅವಧಿಯಲ್ಲಿ ಜಾರುವ ರನ್‌ವೇಗಳಲ್ಲಿ ನಡೆದ 30 ಪ್ರಕರಣಗಳನ್ನು ಅದು ಒಟ್ಟಿಗೆ ಇಟ್ಟು ನೋಡಿತು. ಯಂತ್ರದ ಅಂಕಿಗಳನ್ನು ಅತಿಯಾಗಿ ನಂಬಬೇಡಿ ಎಂಬುದು ಅದರ ಮೊದಲ ಎಚ್ಚರಿಕೆ. ಗಾಳಿಯ ತಾಪಮಾನ ಮತ್ತು ಇಬ್ಬನಿ ಬಿಂದುವಿನ ನಡುವಿನ ಅಂತರ ನೋಡಿ ಎಂಬುದು ಎರಡನೆಯದು. ಆ ಅಂತರ ಮೂರು ಡಿಗ್ರಿಗಿಂತ ಕಡಿಮೆಯಿದ್ದರೆ ಗಾಳಿ ತೇವದಿಂದ ತುಂಬಿದೆಯೆಂದರ್ಥ. ಆಗ ತಣ್ಣನೆಯ ರನ್‌ವೇಯ ಮೈಮೇಲೆ ತೇವ ಇಳಿದು ಕೂರುತ್ತದೆ, ಅಳತೆಯ ಗಾಡಿ ಚೆನ್ನಾಗಿದೆ ಎಂದರೂ ವಿಮಾನ ಜಾರಬಹುದು. ಇದಕ್ಕೆ ಯಾವ ಹೊಸ ಯಂತ್ರವೂ ಬೇಡ. ಆ ಎರಡು ಅಂಕಿಗಳು ಪ್ರತಿ ಹವಾಮಾನ ವರದಿಯಲ್ಲೂ ಅಕ್ಕಪಕ್ಕದಲ್ಲೇ ಇರುತ್ತವೆ. ಸಣ್ಣ ವಿಮಾನದ ಪೈಲಟ್ ಕೂಡ ಮನೆಯಿಂದ ಹೊರಡುವ ಮೊದಲೇ ಓದಿಕೊಳ್ಳಬಹುದು.

ಅಂಕಿಯ ತೊಂದರೆ ಹೀಗಾದರೆ ಮಾತಿನ ತೊಂದರೆ ಇನ್ನೊಂದು ಬಗೆ. 2005ರ ಡಿಸೆಂಬರ್ 8ರ ರಾತ್ರಿ ಶಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ಹಿಮ ಬೀಳುತ್ತಿತ್ತು. ಬಂದು ಇಳಿದವರು ರನ್‌ವೇಯ ಮೊದಲರ್ಧದಲ್ಲಿ ಬ್ರೇಕ್ ಪರವಾಗಿಲ್ಲ, ಉಳಿದರ್ಧದಲ್ಲಿ ಕೆಟ್ಟದಾಗಿದೆ ಎಂದು ಹೇಳಿದ್ದರು. ಸೌತ್‌ವೆಸ್ಟ್ ಸಂಸ್ಥೆಯ ಬೋಯಿಂಗ್ 737 ಸುಮಾರು 8 ನಾಟ್ ಹಿಂಗಾಳಿಯಲ್ಲಿ ಇಳಿಯಿತು. ವೇಗ ತಗ್ಗಿಸುವ ಎಂಜಿನ್ ಸಾಧನ ಕೂಡಲೇ ಬಳಕೆಯಾಗುತ್ತದೆಂದು ಊಹಿಸಿಕೊಂಡು ಒಳಗಿನ ಗಣಕ ದೂರದ ಲೆಕ್ಕ ಕೊಟ್ಟಿತ್ತು. ಪೈಲಟ್‌ಗಳು ಅದನ್ನು ತಡವಾಗಿ ಬಳಸಿದರು. 6,522 ಅಡಿಯ ರನ್‌ವೇ ದಾಟಿ ವಿಮಾನ ಬೇಲಿ ಮುರಿದು ಹೊರಗಿನ ರಸ್ತೆಗೆ ಬಂತು. ಕಾರೊಂದರಲ್ಲಿ ಮನೆಯವರ ಜೊತೆಗಿದ್ದ ಆರು ವರ್ಷದ ಹುಡುಗ ಸತ್ತ. ವಿಮಾನದಲ್ಲಿದ್ದವರೆಲ್ಲ ಬದುಕಿದರು.

ಹದಿನಾರು ತಿಂಗಳ ನಂತರ, 2007ರ ಏಪ್ರಿಲ್ 12ರ ನಡುರಾತ್ರಿ ಕಳೆದ ಹೊತ್ತಿಗೆ, ಮಿಶಿಗನ್ನಿನ ಟ್ರ್ಯಾವರ್ಸ್ ಸಿಟಿಯಲ್ಲಿ ಐವತ್ತು ಸೀಟಿನ ಪುಟ್ಟ ಜೆಟ್ ಒಂದು ಹಿಮ ತುಂಬಿದ ರನ್‌ವೇ ದಾಟಿ ಹೋಯಿತು. ಕಂಟ್ರೋಲ್ ಟವರ್ ಮುಚ್ಚಿದ್ದ ಹೊತ್ತು ಅದು. ನೆಲದಿಂದ ಮಾಹಿತಿ ಕೊಡುತ್ತಿದ್ದವರು ರನ್‌ವೇಯ ಹಿಮ ತೆಗೆಸುತ್ತಿದ್ದ ಸಿಬ್ಬಂದಿ. ಅವರು ರೇಡಿಯೋದಲ್ಲಿ ಹೇಳಿದ್ದನ್ನು ದಿನವಿಡೀ ದುಡಿದು ದಣಿದಿದ್ದ ಪೈಲಟ್‌ಗಳು ತೂಗಿ ನೋಡಲಿಲ್ಲ. ಆ ಸ್ಥಿತಿಯಲ್ಲಿ ನಿಲ್ಲಲು ಎಷ್ಟು ದೂರ ಬೇಕೆಂದು ಮತ್ತೊಮ್ಮೆ ಲೆಕ್ಕ ಹಾಕಲಿಲ್ಲ. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ.

‘ಪರವಾಗಿಲ್ಲ’, ‘ಕೆಟ್ಟದಾಗಿದೆ’ ಎಂಬ ಮಾತುಗಳಿಗೆ ಪ್ರತಿಯೊಬ್ಬರ ಮನಸ್ಸಿನಲ್ಲಿ ಬೇರೆ ಬೇರೆ ಅಳತೆಯಿದೆ. ಮಿಡ್‌ವೇ ಅಪಘಾತದ ಬಳಿಕ ರಚನೆಯಾದ ಸಮಿತಿಯ ಕೆಲಸದಿಂದ ಒಂದು ಹೊಸ ಕ್ರಮ ಹುಟ್ಟಿತು. 2016ರ ಅಕ್ಟೋಬರ್ 1ರಂದು ಅದು ಅಮೆರಿಕದಲ್ಲಿ, 2021ರ ನವೆಂಬರ್ 4ರಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೂಲಕ ಜಗತ್ತಿನಾದ್ಯಂತ ಜಾರಿಗೆ ಬಂತು. ರನ್‌ವೇಯನ್ನು ಮೂರು ಭಾಗ ಮಾಡಿ, ಪ್ರತಿ ಭಾಗದ ಮೇಲೆ ಏನಿದೆ, ಎಷ್ಟು ಆಳವಿದೆ, ತಾಪಮಾನ ಎಷ್ಟು ಎಂದು ನೋಡಿ 6ರಿಂದ ಸೊನ್ನೆಯವರೆಗೆ ಒಂದೊಂದು ಅಂಕ ಕೊಡುತ್ತಾರೆ. ಒಣಗಿದ್ದರೆ 6. ತುಳಿದು ಗಟ್ಟಿಯಾದ ಹಿಮವಿದ್ದು ಹೊರಗೆ ಮೈನಸ್ 15 ಅಥವಾ ಇನ್ನೂ ತಣ್ಣಗಿದ್ದರೆ 4. ಅದೇ ಹಿಮ, ಮೈನಸ್ 15ಕ್ಕಿಂತ ಬೆಚ್ಚಗಿದ್ದರೆ 3. ಮೂರು ಮಿಲಿಮೀಟರಿಗಿಂತ ಆಳದ ರಾಡಿಗೆ 2. ಮಂಜುಗಡ್ಡೆಗೆ 1. ಒದ್ದೆ ಮಂಜುಗಡ್ಡೆಗೆ ಸೊನ್ನೆ. ಸೊನ್ನೆ ಬಿದ್ದ ರನ್‌ವೇಯನ್ನು ಸರಿಪಡಿಸುವವರೆಗೆ ಬಳಸುವಂತಿಲ್ಲ. ಫ್ಯಾರಡೆ ಊಹಿಸಿದ ಆ ನೀರಿನ ಪದರಕ್ಕೆ, ಅದು ಬೆಚ್ಚಗಾದಂತೆ ಬೆಳೆಯುವ ಸ್ವಭಾವಕ್ಕೆ, ಕಡೆಗೂ ನಿಯಮಾವಳಿಯ ಕೋಷ್ಟಕದಲ್ಲಿ ಒಂದು ಜಾಗ ಸಿಕ್ಕಿತು.

ಆದರೆ ಈ ಅಂಕಗಳನ್ನು ಕೊಡಲು ಒಬ್ಬ ಮನುಷ್ಯ ರನ್‌ವೇ ಮೇಲೆ ನಡೆದೋ ಗಾಡಿಯಲ್ಲೋ ಹೋಗಿ ನೋಡಬೇಕು. ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ಸುಮಾರು 5,000 ವಿಮಾನ ನಿಲ್ದಾಣಗಳಿದ್ದು, ಕಂಟ್ರೋಲ್ ಟವರ್ ಇರುವುದು 500ರ ಸುಮಾರಿಗೆ ಮಾತ್ರ. ಉಳಿದ ಎಷ್ಟೋ ಕಡೆ ರಾತ್ರಿ ಯಾರೂ ಇರುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಬಿಸಿಲಿಗೆ ಕರಗಿ ಹರಿದ ನೀರು ಸಂಜೆ ಐದಕ್ಕೆ ಮತ್ತೆ ಹೆಪ್ಪುಗಟ್ಟಿ, ಡಾಂಬರಿನ ಕಪ್ಪನ್ನೇ ತೋರಿಸುವ ಪಾರದರ್ಶಕ ಪದರವಾಗಿರುತ್ತದೆ; ಪೈಲಟ್ ಕೈಯಲ್ಲಿರುವ ಸೂಚನೆ ಬೆಳಗಿನದಾಗಿರುತ್ತದೆ. ಸಣ್ಣ ವಿಮಾನಗಳು ಇಳಿಯುವುದು ಹೆಚ್ಚಾಗಿ ಇಂಥ ನಿಲ್ದಾಣಗಳಲ್ಲೇ. ವ್ಯವಸ್ಥೆಯ ಫಲ ಯಾರಿಗೆ ಹೆಚ್ಚು ಬೇಕೋ ಅವರಿಗೆ ಅದು ಕಡಿಮೆ ತಲುಪುತ್ತಿದೆ ಎಂಬುದು ನನ್ನ ದೂರು.

ಅದು ತಲುಪುವವರೆಗೆ ಸಣ್ಣ ವಿಮಾನದವರಿಗೆ ಉಳಿದಿರುವುದು ಹಳೆಯ ದಾರಿಗಳು. ಹೊರಡುವ ಮುನ್ನ ಆ ನಿಲ್ದಾಣಕ್ಕೆ ಫೋನ್ ಮಾಡಿ ಯಾರಾದರೂ ಕಣ್ಣಾರೆ ನೋಡಿದ್ದಾರೆಯೇ ಎಂದು ವಿಚಾರಿಸುವುದು. ಕೈಪಿಡಿಯ ದೂರವನ್ನು ಹಲವು ಪಟ್ಟು ಮಾಡಿಕೊಂಡು, ರನ್‌ವೇ ಸಾಲದಿದ್ದರೆ ಉಪ್ಪಿಲ್ಲದೆಯೂ ಹಿಮ ಕರಗಿಸುವ ರಾಸಾಯನಿಕ ಮತ್ತು ಸಲಕರಣೆ ಇರುವ ಉದ್ದನೆಯ ರನ್‌ವೇಗೆ ಹೋಗುವುದು. ಉಪ್ಪು ವಿಮಾನದ ಲೋಹವನ್ನು ತಿನ್ನುವುದರಿಂದ ದೊಡ್ಡ ನಿಲ್ದಾಣಗಳು ಪೊಟ್ಯಾಸಿಯಂ ಅಸಿಟೇಟ್‌ನಂಥ ದುಬಾರಿ ದ್ರಾವಣ ಬಳಸುತ್ತವೆ, ಹಳ್ಳಿಯ ನಿಲ್ದಾಣಕ್ಕೆ ಅದು ಎಟುಕದು. ಒಂದು ಗುರುತು ಇಟ್ಟುಕೊಂಡು, ಅಲ್ಲಿಯೊಳಗೆ ಚಕ್ರ ಊರದಿದ್ದರೆ ಎರಡನೇ ಯೋಚನೆಯಿಲ್ಲದೆ ಮತ್ತೆ ಮೇಲೇರುವುದು. ಮತ್ತು ಸುರಕ್ಷಿತವಾಗಿ ಇಳಿದು ನಿಂತ ಮೇಲೆ ರೇಡಿಯೋ ಎತ್ತಿಕೊಂಡು, ತಾನು ಓಡಿಸಿದ್ದು ಯಾವ ವಿಮಾನ, ಗಂಟೆ ಎಷ್ಟು, ರನ್‌ವೇಯ ಯಾವ ಭಾಗದಲ್ಲಿ ಬ್ರೇಕ್ ಹಿಡಿಯಿತು, ಯಾವ ಭಾಗದಲ್ಲಿ ಹಿಡಿಯಲಿಲ್ಲ ಎಂದು ಹಿಂದೆ ಬರುತ್ತಿರುವವರಿಗೆ ಹೇಳುವುದು.